ಓರೆ ಹಿಡಿಯ ಕೋವಿ

ಎಲ್ವಿಯೊನ ಕ್ಷೌರದಂಗಡಿಯಲ್ಲಿ ಕೂದಲಿಗಿಂತ ಹೆಚ್ಚಾಗಿ ಕತ್ತರಿಗೆ ಸಿಗುತ್ತಿದ್ದದ್ದು ಊರವರ ಮಾನ. ಹಗಲಲ್ಲಿ ಯಾರ ತಲೆ ಅವನ ಕೈಗೆ ಸಿಕ್ಕಿತೋ, ಸಂಜೆ ಓರ್ನೆಲ್ಲಳ ಬಾರಿನಲ್ಲಿ ಅದೇ ತಲೆ ಅವನ ಹೆಗಲ ಮೇಲೆ ಬಂದು ಕೂರುತ್ತಿತ್ತು. ಪಾದ್ರಿ ದೊನ್ ಚೆಲ್ಸೊ ಸೀನಿಗೂ ಆಮೆನ್‌ಗೂ ನಡುವೆ ಸಿಕ್ಕಿಕೊಂಡು ಒದ್ದಾಡುವುದು, ಔಷಧಿ ಅಂಗಡಿಯ ಇಲಾರಿಯಾ ಮೂಲವ್ಯಾಧಿಯ ಮುಲಾಮನ್ನು ಇಡೀ ಬೀದಿಗೆ ಕೇಳುವಂತೆ ಪಿಸುಗುಡುವುದು, ಎಲ್ಲ ಇತ್ತು ಅವನ ಗಂಟಲಿನಲ್ಲಿ. ಆದರೆ ಜನ ಕುರ್ಚಿ ಎಳೆದುಕೊಂಡು ಕೂತು ಬೇಡುತ್ತಿದ್ದದ್ದು ಒಂದನ್ನೇ.

"ಲೇ ಎಲ್ವಿಯೊ, ಓರೆಸ್ತೆನ ಮಾಡೋ!"

ಕನ್ನಡದ ಕಿವಿಗೆ ಆ ಹೆಸರಿನಲ್ಲೇ ಒಂದು ಓರೆ ಕೇಳಿಸಿದರೆ ಅದು ಕಿವಿಯ ತಪ್ಪಲ್ಲ. ಓರೆಸ್ತೆ ಮುದುಕ ಕೋವಿ ಎತ್ತುವ ರೀತಿಯೇ ಹಾಗಿತ್ತು. ಬಲ ಭುಜಕ್ಕೆ ಕೋವಿ ಊರಿ, ಕತ್ತನ್ನು ಕೊಕ್ಕರೆಯಂತೆ ಬಲಕ್ಕೆ ವಾಲಿಸಿ, ಎಡಗೆನ್ನೆಯನ್ನೂ ಸೇರಿಸಿ ಇಡೀ ಮುಖವನ್ನು ಕೋವಿಯ ಮೇಲೆ ಹಾಸಿಬಿಡುತ್ತಿದ್ದ. ಹರೆಯದಲ್ಲಿ ಹಲಸಿನ ಗಾತ್ರದ ಗೊಂಚಲಿನ ಆಸೆಗೆ ಚೆಸ್ಟ್‌ನಟ್ ಮರ ಹತ್ತಿ ಬಿದ್ದು ಕತ್ತು ಉಳುಕಿತು ಎಂದು ಅವನೇ ಹೇಳಿಕೊಂಡಿದ್ದ. ಹಕ್ಕಿ ಎದ್ದಾಗ ಕೂಗಿದರೆ ಮುಂದಿನ ಹಲ್ಲಿಲ್ಲದ ಸಂದಿಯಿಂದ ಶಿಳ್ಳೆ ಬೆರೆತ ದನಿ ಬೇರೆ. ಎಲ್ವಿಯೊ ಬಾರಿನ ಪೊರಕೆಯನ್ನು ಭುಜಕ್ಕೇರಿಸಿ, ಕತ್ತು ವಾಲಿಸಿ, "ಹೋದ್‌ಳ್ಸು! ರಾಣಿ ಹೋದ್‌ಳ್ಸು! ಬಲಕ್ಕೆ, ಬಲಕ್ಕೆ!" ಎಂದು ಕೂಗಿದನೆಂದರೆ ಲೋಟಗಳು ಉರುಳುತ್ತಿದ್ದವು. ಎಲ್ಲರಿಗಿಂತ ಜೋರಾಗಿ ಮೇಜು ಗುದ್ದಿ ನಗುತ್ತಿದ್ದವನು ಕೋವಿಗೆ ಮರದ ಹಿಡಿ ಕೆತ್ತುವ ಫೌಸ್ತಿನೊ. ಓರೆಸ್ತೆ ಮಾತ್ರ ಬಾರಿನ ಕಡೆ ಸುಳಿಯುವವನಲ್ಲ. ಬೆಳಕಿರುವಾಗಲೇ ಮನೆ ಸೇರಿ ನಾಯಿಯೊಂದಿಗೆ ಉಂಡು ಮಲಗುವವನು.

ಈ ಊರು ಪ್ರಾದೆಲ್ಲೊ ಇರುವುದು ಬ್ರೆಶಿಯಾ ಪಟ್ಟಣದ ಮೇಲಿನ ಕೋವಿ ಮಾಡುವ ಕಣಿವೆಯಲ್ಲಿ. ಅಲ್ಲಿ ಕೂಸು ಬೆರಳು ಚೀಪುವ ಮೊದಲೇ ಅದೇ ಬೆರಳು ಮಡಚಿ ಕೋವಿಯ ಕುದುರೆ ಎಳೆಯುತ್ತದೆ ಎನ್ನುತ್ತಾರೆ. ಅಂಥ ಊರಿನಲ್ಲಿ ಮೂವತ್ತು ದಾಟಿದರೂ ಕೋವಿ ಹಿಡಿಯದ ಗಂಡಸು ಎಂದರೆ ಪಾದ್ರಿಯನ್ನು ಬಿಟ್ಟರೆ ಎಲ್ವಿಯೊ ಒಬ್ಬನೇ. ಅಪ್ಪ ಸ್ವಿಸ್ ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತಲೇ ಹೋಗಿಬಿಟ್ಟಿದ್ದರಿಂದ ಹೇಳಿಕೊಡುವವರಿರಲಿಲ್ಲ. ನವೆಂಬರಿನ ಭಾನುವಾರ ಊರಿಗೆ ಊರೇ, ಅವರು ರಾಣಿ ಎಂದು ಕರೆಯುವ ಕಾಡುಗೊರವ ಹಕ್ಕಿಯ ಹಿಂದೆ, ಬೀಚ್ ಮರಗಳ ಕಾಡಿಗೆ ಹೋದಾಗ ಅವನು ಅಂಗಡಿಯ ಖಾಲಿ ಕುರ್ಚಿಯಲ್ಲಿ ತಾನೇ ಕೂತು ತನ್ನ ಗಡ್ಡ ತಾನೇ ಹೆರೆದುಕೊಳ್ಳುತ್ತಿದ್ದ. ಸಂಜೆ ಅವರು ಕೆಸರು ಕಾಲಲ್ಲಿ ಬಂದು ಹೇಳುವ ಕತೆಗಳ ಹಕ್ಕಿಯನ್ನು ಅವನು ಒಮ್ಮೆಯೂ ಹಾರುವಾಗ ಕಂಡಿರಲಿಲ್ಲ. ಕೂಗು ಮಾತ್ರ ಬಾಯಿಪಾಠ. ಆ ವರ್ಷ ಅವನಿಗೆ ಸಾಕಾಗಿಹೋಯಿತು. ನಗಿಸುವವನಾಗಿ ಅಲ್ಲ, ನಡೆಯುವವನಾಗಿ ಅವರೊಂದಿಗೆ ಹೋಗಬೇಕು ಅನ್ನಿಸಿತು. ಪರೀಕ್ಷೆ ಕಟ್ಟಿ ಬೇಟೆಯ ಪರವಾನಗಿ ತಂದ.

ತಂದರೆ ಆಯಿತೇ? ಪ್ರಾದೆಲ್ಲೊದಲ್ಲಿ ಮೊದಲ ಜೋಡುನಳಿಗೆ ಕೋವಿಯನ್ನು ಒಬ್ಬನೇ ಹೋಗಿ ಕೊಳ್ಳುವಂತಿಲ್ಲ. ಹಿರಿಯ ಬೇಟೆಗಾರನೊಬ್ಬ ಬೆನ್ನಿಗೆ ನಿಲ್ಲಬೇಕು. ಆರಿಸುವಾಗ ಬೆನ್ನಿಗೆ ನಿಂತವನೇ ಮೊದಲ ಹಂಗಾಮು ಪೂರ್ತಿ ಜೊತೆಗೆ ನಡೆಯಬೇಕು. ಹೊಸಬ ಹಕ್ಕಿ ಹೊಡೆದರೆ ವೈನು ಬೆನ್ನಿಗೆ ನಿಂತವನಿಗೆ, ನಾಯಿಗೆ ಹೊಡೆದರೆ ಬೈಗುಳವೂ ಅವನಿಗೇ. ಬೆನ್ನಿಗೆ ಯಾರೂ ಇಲ್ಲದವನ ಜೊತೆ ಕಾಡಿಗೆ ಯಾರೂ ಹೋಗುವುದಿಲ್ಲ.

ಎಲ್ವಿಯೊ ಒಬ್ಬೊಬ್ಬರನ್ನೇ ಕೇಳಿದ. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನ ಹೆಂಡತಿಗೆ ಸೊಂಟನೋವು. ಓರ್ನೆಲ್ಲಳ ಗಂಡ ಜೆಲ್ಮಿನೊ ಮಾತ್ರ ನಿಜ ಹೇಳಿದ: "ನಾನು ನಿನ್ನ ಬೆನ್ನಿಗೆ ನಿಂತ್ರೆ ನೀನು ನನ್ನ ಬೆನ್ನ ಹಿಂದೆ ನಿಲ್ತೀಯಲ್ಲೋ ಮಗನೆ! ನಾನು ಎಡವಿ ಬಿದ್ದದ್ದು, ಗುರಿ ತಪ್ಪಿದ್ದು, ಮರದ ಹಿಂದೆ ಕೂತದ್ದು, ಎಲ್ಲಾ ಸೋಮವಾರ ಇಲ್ಲಿ ನಾಟಕ ಆಗುತ್ತೆ. ಬೇಡಪ್ಪ, ಬೇಡ."

ಆ ಶನಿವಾರ ಕುರ್ಚಿಯಲ್ಲಿ ಓರೆಸ್ತೆ ಕೂತಿದ್ದ. ಎಲ್ವಿಯೊ ಅವನ ಬಲಗಡೆಯ ಕಿವಿಗೂದಲು ಕತ್ತರಿಸುತ್ತಿದ್ದ. ಕತ್ತರಿ ಕಣ್ಣಿನ ಹತ್ತಿರ ಬಂದರೂ ರೆಪ್ಪೆ ಮಿಟುಕಿಸದ ಗಿರಾಕಿ ಈ ಊರಿನಲ್ಲಿ ಇವನೊಬ್ಬನೇ. ಏನು ಗುಂಡಿಗೆಯಪ್ಪ ಎಂದು ಎಲ್ವಿಯೊ ಎಷ್ಟೋ ಸಲ ಅಂದುಕೊಂಡಿದ್ದ.

"ಪರವಾನಗಿ ಬಂತಂತೆ," ಎಂದ ಮುದುಕ.

"ಬಂತು ಮಾಮ."

"ಯಾರು ನಿಲ್ತಿದಾರೆ?"

"ಯಾರೂ ಇಲ್ಲ."

"ಯಾಕೆ, ನಾನೇನು ಸತ್ತೋಗಿದೀನಾ?"

ಕತ್ತರಿ ಗಾಳಿಯಲ್ಲೇ ನಿಂತಿತು. ಕಣಿವೆಯ ಅತ್ಯುತ್ತಮ ಗೊರವನ ಬೇಟೆಗಾರ, ಇದುವರೆಗೆ ಯಾರ ಬೆನ್ನಿಗೂ ನಿಲ್ಲದವನು, ತಾನಾಗಿ ಕೇಳುತ್ತಿದ್ದಾನೆ. ಕೇಳುತ್ತಿರುವುದು ಯಾರನ್ನು? ಹಿಂದಿನ ಸಂಜೆಯಷ್ಟೇ ಪೊರಕೆ ಹಿಡಿದು ಅವನಾಗಿದ್ದವನನ್ನು. ಒಪ್ಪಿಕೊಳ್ಳಲು ನಾಚಿಕೆಯಾಗಬೇಕಿತ್ತು. ಆದರೆ ಆಸೆ ಅದಕ್ಕಿಂತ ದೊಡ್ಡದಿತ್ತು. ಅವನು ಮುದುಕನ ಕೈಗೆ ಮುತ್ತಿಡುವುದೊಂದು ಬಾಕಿ.

ಫೌಸ್ತಿನೊನ ಕಾರ್ಖಾನೆ ಎಂದರೆ ಹೊಳೆಯ ಪಕ್ಕದ ಒಂದು ಕೋಣೆ, ವಾಲ್‌ನಟ್ ಮರದ ಪುಡಿ, ಅಗಸೆ ಎಣ್ಣೆಯ ವಾಸನೆ. ಗೋಡೆಯುದ್ದಕ್ಕೂ ಕೋವಿಗಳು ನಿಂತಿದ್ದವು. ಅಕ್ಕಪಕ್ಕ ನಳಿಗೆಯವು ಒಂದು ಕಡೆ, ಮೇಲೊಂದು ಕೆಳಗೊಂದು ನಳಿಗೆಯವು ಇನ್ನೊಂದು ಕಡೆ. ಓರೆಸ್ತೆ ಎರಡನೆಯ ಗುಂಪಿನತ್ತ ಕೈ ಬೀಸಿ, "ಅವು ಆಟಕ್ಕೆ ಮಣ್ಣಿನ ಬಿಲ್ಲೆ ಹೊಡೆಯೋರಿಗೆ. ಹಕ್ಕಿಗೆ ಮರ್ಯಾದೆ ಕೊಡೋನು ಜೋಡೆತ್ತಿನ ಹಾಗೆ ಅಕ್ಕಪಕ್ಕ ಇರೋದನ್ನೇ ತಗೋತಾನೆ," ಎಂದ.

ಎಲ್ವಿಯೊನ ಕಣ್ಣು ಆಗಲೇ ಒಂದರ ಮೇಲೆ ಬಿದ್ದಿತ್ತು. ಬೆಳ್ಳಿಯಂಥ ತಗಡಿನ ಮೇಲೆ ಜೊಂಡಿನಿಂದೇಳುವ ಹಕ್ಕಿಗಳನ್ನು ಕೆತ್ತಿದ ಚೆಲುವೆ.

"ಇದು ಹೇಗೆ?"

"ಲೇ," ಎಂದ ಫೌಸ್ತಿನೊ, "ಹುಡುಗಿ ನೋಡೋ ಹಾಗೆ ನೋಡ್ಬೇಡ. ಚಪ್ಪಲಿ ನೋಡೋ ಹಾಗೆ ನೋಡು. ಚೆಂದ ಕಾಲಿಗೆ ಕಚ್ಚುತ್ತೆ. ಈ ಕಡೆ ಬಾ. ನನ್ನ ಕಡೆ ತಿರುಗು, ಕಣ್ಣು ಮುಚ್ಚು. ನಾನು ಕೊಟ್ಟಿದ್ದನ್ನ ಭುಜಕ್ಕೇರಿಸು, ಆಮೇಲೆ ಕಣ್ಣು ಬಿಡು. ಯೋಚನೆ ಮಾಡ್ಬೇಡ. ಮೈ ತಾನೇ ಹೇಳುತ್ತೆ, ಅದಕ್ಕೆ ಯಾವ ಕೋವಿ ಬೇಕು ಅಂತ."

ಕೋವಿಯ ಬಾಯಿ ತೆರೆದು ಎರಡೂ ನಳಿಗೆ ಖಾಲಿ ಎಂದು ಮೂವರೂ ನೋಡಿದರು. ಎಲ್ವಿಯೊ ಕಣ್ಣು ಮುಚ್ಚಿದ. ಕೈಗೆ ತಣ್ಣನೆಯ ಭಾರ ಬಂತು. ಎದುರಿಗೆ ಒಬ್ಬ, ಹಿಂದೆ ಒಬ್ಬ; ಇಬ್ಬರು ನೋಡುತ್ತಿದ್ದಾರೆ ಎಂದರೆ ಅವನ ಮೈಗೆ ಒಂದೇ ವಿದ್ಯೆ ಗೊತ್ತು. ಯೋಚಿಸಬೇಡ ಎಂದಿದ್ದರಲ್ಲ, ಯೋಚಿಸಲಿಲ್ಲ. ಎತ್ತಿದ.

ಕಣ್ಣು ಬಿಟ್ಟಾಗ ಕತ್ತು ವಾಲಿತ್ತು. ಮುಖ ಮರದ ಮೇಲೆ ಹಾಸಿತ್ತು. ನಳಿಗೆಗಳು ಅವನ ಎಡಗಣ್ಣಿನ ಮುಂದಿದ್ದವು. ಎದುರಿಗೆ ಫೌಸ್ತಿನೊನ ಮುಖ ಮೊದಲು ಕೆಂಪಾಗಿ, ಆಮೇಲೆ ಸುಣ್ಣವಾಯಿತು. ಮುದುಕನ ಮುಂದೆಯೇ ಇವನು ಆಟ ಕಟ್ಟಿದ ಎಂದುಕೊಂಡನೋ ಏನೋ, ಅವನು ಕೆಮ್ಮತೊಡಗಿದ. ಎಲ್ವಿಯೊ ಕೋವಿ ಇಳಿಸಿದ. ಬೇರೆ ಥರ ಎತ್ತೋಣವೆಂದು ನೋಡಿದ. ಬೇರೆ ಥರ ಅವನ ಮೈಗೆ ಗೊತ್ತೇ ಇರಲಿಲ್ಲ. ಮತ್ತೆ ಅದೇ ಕತ್ತು.

ಹಿಂದಿನಿಂದ ಓರೆಸ್ತೆ ನಿಧಾನವಾಗಿ ಮುಂದೆ ಬಂದ. ಈಗ ಬೈಯುತ್ತಾನೆ ಎಂದು ಎಲ್ವಿಯೊ ಕಾದ. ಮುದುಕನ ಗಲ್ಲ ಅದುರುತ್ತಿತ್ತು.

"ನಿನಗೂನಾ?"

"ಏನು ಮಾಮ?"

"ಬಲಗಣ್ಣು." ಓರೆಸ್ತೆ ತನ್ನ ಬಲಗಣ್ಣಿನ ಗುಡ್ಡೆಯ ಹತ್ತಿರಕ್ಕೇ ಬೆರಳು ತಂದ. ರೆಪ್ಪೆ ಅಲುಗಲಿಲ್ಲ. "ಇದು ಸತ್ತು ಎಷ್ಟೋ ಕಾಲ ಆಯ್ತು. ನಳಿಗೆ ಕೊರೆಯೋವಾಗ ಉಕ್ಕಿನ ಚೂರು. ಮರದಿಂದ ಬಿದ್ದೆ, ಕತ್ತು ಉಳುಕ್ತು ಅಂತ ಊರಿಗೆ ಹೇಳಿದೆ. ಕಣ್ಣು ಹೋಯ್ತು ಅಂದ್ರೆ ಪರವಾನಗಿ ಹೋಗುತ್ತೆ, ಅದು ಹೋದ್ರೆ ನನ್ನ ಹತ್ರ ಇನ್ನೇನಿದೆ? ಈ ಫೌಸ್ತಿನೊನ ಅಪ್ಪ ಹಿಡಿಮರ ಬಗ್ಗಿಸಿಕೊಟ್ಟ, ಬಲ ಭುಜದಲ್ಲಿಟ್ರೆ ಎಡಗಣ್ಣಿನ ಮುಂದೆ ಬರೋ ಹಾಗೆ. ಈಗ ಇವನು ಮಾಡಿಕೊಡ್ತಾನೆ. ನಿನ್ನ ಕತ್ತು ನೋಡಿದ ಕೂಡ್ಲೇ ಗೊತ್ತಾಯ್ತು. ಡಾಕ್ಟರ್ ಹತ್ರ ಏನು ಮಾಡ್ದೆ? ಬಲಗೈಯಲ್ಲಿ ಒಂದ್ಸಲ ಬಲಗಣ್ಣು, ಎಡಗೈಯಲ್ಲಿ ಇನ್ನೊಂದ್ಸಲ ಅದೇ ಬಲಗಣ್ಣು ಮುಚ್ಚಿದೆ, ಅಲ್ವಾ? ನಾನೂ ಅದೇ!" ಶಿಳ್ಳೆ ಬೆರೆಸಿ ನಕ್ಕ. ನಗುವಾಗ ಅವನ ಎರಡೂ ಕಣ್ಣಲ್ಲಿ ನೀರು. ಸತ್ತ ಕಣ್ಣಿಗೂ ಅಳು ಬರುತ್ತದೆ ಎಂದು ಎಲ್ವಿಯೊಗೆ ಆಗ ತಿಳಿಯಿತು.

ಇಷ್ಟು ದಿನ ಬಾರಿನಲ್ಲಿ ತಾನು ಮಾಡಿ ತೋರಿಸುತ್ತಿದ್ದದ್ದು ಒಂದು ಕುರುಡು ಕಣ್ಣನ್ನು. ಈಗ ಬಾಯಿ ಬಿಟ್ಟರೆ ಹೇಳಬೇಕಾದ್ದು ಒಂದೇ: ಇಲ್ಲ ಮಾಮ, ನನ್ನ ಕಣ್ಣು ಚೆನ್ನಾಗಿದೆ, ನಾನು ನಿನ್ನನ್ನು ಅಣಕಿಸುತ್ತೇನೆ. ಅಷ್ಟು ಉದ್ದದ ವಾಕ್ಯಕ್ಕೆ ಬೇಕಾದ ಉಸಿರು ಅವನಲ್ಲಿರಲಿಲ್ಲ. ಅವನು ತಲೆಯಾಡಿಸಿದ. ಹೌದು ಎಂಬಂತೆ.

ಫೌಸ್ತಿನೊ ಕೆಮ್ಮು ನಿಲ್ಲಿಸಿದ. "ಬೆರಳು ನೋಡೋಣ," ಎಂದ, ಮೆಲ್ಲಗೆ. "ಎರಡೂ ಕಣ್ಣು ತೆರೆದಿರಲಿ. ನನ್ನ ಮೂಗಿಗೆ ಗುರಿಯಿಟ್ಟು ಬೆರಳು ತೋರಿಸು."

ಯಾವ ಕಣ್ಣು ಯಜಮಾನನೋ ಆ ಕಣ್ಣಿನ ನೇರಕ್ಕೇ ಬೆರಳು ಬಂದು ನಿಲ್ಲುತ್ತದೆ. ಎದುರಿಗೆ ನಿಂತವನಿಗೆ ಅದು ಕಂಡುಬಿಡುತ್ತದೆ. ಇದು ಫೌಸ್ತಿನೊ ಅವನಿಗೆ ತೆರೆದುಕೊಟ್ಟ ಬಾಗಿಲು. ನಿಜವನ್ನು ಬೆರಳೇ ಹೇಳಲಿ, ನೀನು ಹೇಳುವುದು ಬೇಡ ಎಂದು. ಓರೆಸ್ತೆ ಮತ್ತೆ ಬೆನ್ನ ಹಿಂದಕ್ಕೆ ಸರಿದ ಮೇಲೆ ಎಲ್ವಿಯೊ ಕೈಯೆತ್ತಿದ. ಬೆರಳು ನೆಟ್ಟಗೆ ಬಲಗಣ್ಣಿನ ಮುಂದೆ ಬಂತು. ಒಂದು ಗಳಿಗೆ ನಿಂತಿತು. ಆಮೇಲೆ ಎಡಕ್ಕೆ ಸರಿಯಿತು.

"ನೋಡ್ದ್ಯಾ!" ಎಂದ ಓರೆಸ್ತೆ ಬೆನ್ನ ಹಿಂದಿನಿಂದ, ಎಲ್ವಿಯೊನ ಭುಜ ಮಾತ್ರ ಕಾಣುತ್ತಿದ್ದ ಕಡೆಯಿಂದ. "ಬೆರಳು ಸುಳ್ಳು ಹೇಳಲ್ಲ."

"ಇಲ್ಲ," ಎಂದ ಫೌಸ್ತಿನೊ ಎಲ್ವಿಯೊನ ಮುಖ ನೋಡುತ್ತಾ. "ಬೆರಳು ಹೇಳಲ್ಲ."

ಕೆತ್ತನೆಯ ಚೆಲುವೆಯನ್ನು ಓರೆಸ್ತೆಯೇ ತೆಗೆದು ಗೋಡೆಗಿಟ್ಟ. "ಈ ಸಾಲಲ್ಲಿ ನಿನ್ನದು ಯಾವುದೂ ಇಲ್ಲ. ನಿನ್ನ ಕೋವಿ ನಮ್ಮನೇಲಿದೆ. ಕಣ್ಣು ಹೋದ ಮೇಲೆ ಮೊದಲು ಮಾಡಿಸಿದ್ದು. ಯಾರ ಭುಜಕ್ಕೂ ಕೂರದು, ಯಾರೂ ಕೇಳೋದೂ ಇಲ್ಲ. ನನ್ನ ಜೊತೆ ಹೂತ್ಹಾಕ್ತಾರೆ ಅಂದ್ಕೊಂಡಿದ್ದೆ. ನೋಡು, ಅದಕ್ಕೂ ಒಬ್ಬ ಹುಟ್ಟಿದ್ದ!"

ಹೀಗೆ, ಠಾಣೆಯಲ್ಲಿ ಬರೆಸುವುದನ್ನೆಲ್ಲ ಬರೆಸಿ, ಎಲ್ವಿಯೊನ ಮೊದಲ ಜೋಡುನಳಿಗೆ ಅವನ ಮನೆಗೆ ಬಂತು. ಹಿಡಿಮರ ಹಸುವಿನ ಕೊಂಬಿನಂತೆ ಬಾಗಿತ್ತು. ಮುದುಕನ ಕೆನ್ನೆ ಉಜ್ಜಿ ಉಜ್ಜಿ ಅದರ ಒಂದು ಕಡೆ ಕಪ್ಪಗೆ ಮಿರುಗುತ್ತಿತ್ತು. ಎರಡೂ ಕಣ್ಣಿದ್ದವನು ಎತ್ತಿದರೆ ಅದು ಎತ್ತಲೋ ನೋಡುತ್ತಿತ್ತು. ಕೊಟ್ಟವನಿಗೆ ಮರಳಿಸುವಂತಿಲ್ಲ, ಇಟ್ಟುಕೊಂಡು ಹೊಡೆಯುವಂತಿಲ್ಲ. ಕನ್ನಡಿಯ ಮುಂದೆ ಎತ್ತಿ ನೋಡಿದರೆ ಅಲ್ಲಿ ಓರೆಸ್ತೆ ನಿಂತಿರುತ್ತಿದ್ದ, ನಗು ಬರಿಸದ ಓರೆಸ್ತೆ.

ಅಂದಿನಿಂದ ಬಾರಿನಲ್ಲಿ ಎಷ್ಟು ಕೂಗಿದರೂ ಅವನು ಪೊರಕೆ ಮುಟ್ಟಲಿಲ್ಲ. "ಕೋವಿ ಬಂದ್ಮೇಲೆ ಸಾಹೇಬ್ರಿಗೆ ಗಂಟಲು ಕಟ್ಟಿದೆ," ಎಂದ ಜೆಲ್ಮಿನೊ. ಫೌಸ್ತಿನೊ ಮಾತ್ರ ಕ್ಷೌರಕ್ಕೆ ಬರುವುದನ್ನೇ ಬಿಟ್ಟ. ಅವನ ಕೂದಲು ಕಿವಿ ದಾಟಿ ಕಾಲರಿಗಿಳಿಯಿತು. ಬೀದಿಯಲ್ಲಿ ಎದುರಾದಾಗಲೆಲ್ಲ ಆ ಕೆದರಿದ ತಲೆ ಎಲ್ವಿಯೊಗೆ ಬೈಯುತ್ತಿತ್ತು. ಒಮ್ಮೆ ತಡೆಯಲಾರದೆ ಅವನೇ ನಿಲ್ಲಿಸಿ, "ಹೇಳ್ತೀನಿ ಕಣೋ. ಮೊದಲ ಬೇಟೆ ಒಂದು ಮುಗೀಲಿ," ಎಂದ.

"ಹೇಳೋನು ಯಾವತ್ತು ಹೇಳ್ತೀನಿ ಅಂತ ಹೇಳಲ್ಲ," ಎಂದು ಫೌಸ್ತಿನೊ ನಡೆದ.

ಇನ್ನೂ ಕಷ್ಟವಾದದ್ದು ಓರೆಸ್ತೆಯ ಪ್ರೀತಿ. ಗುಟ್ಟು ಹಂಚಿಕೊಳ್ಳಲು ಒಬ್ಬ ಸಿಕ್ಕಿದ್ದೇ ತಡ, ಮುದುಕ ಹತ್ತು ವರ್ಷ ಚಿಕ್ಕವನಾಗಿಬಿಟ್ಟ. ಒಕ್ಕಣ್ಣಿನ ಬದುಕಿನ ಪಾಠಶಾಲೆಯೇ ಶುರುವಾಯಿತು. "ವೈನ್ ಸುರೀವಾಗ ಬಾಟ್ಲಿ ಬಾಯಿ ಲೋಟದ ಅಂಚಿಗೆ ತಾಗಿಸ್ಕೋ, ಇಲ್ದಿದ್ರೆ ಮೇಜಿಗೆ ಕುಡಿಸ್ತೀಯ. ಯಾರಾದ್ರೂ ಬಲಗಡೆಯಿಂದ ಮಾತಾಡಿಸಿದ್ರೆ ಕೋಳಿ ಹಾಗೆ ಇಡೀ ತಲೆ ತಿರುಗ್ಸು, ಜಂಬ ಅಂತಾರೆ, ಅನ್ನಲಿ ಬಿಡು." ಎಲ್ವಿಯೊ ವೈನ್ ಚೆಲ್ಲಬೇಕಾಯಿತು. ಮುದುಕನ ಮನೆಯ ಬಾಗಿಲಿನ ಬಲಗಂಬಕ್ಕೆ ಬೇಕೆಂದೇ ಢಿಕ್ಕಿ ಹೊಡೆಯಬೇಕಾಯಿತು. ಮೊದಲ ಸಲ ಹೊಡೆದಾಗ ಓರೆಸ್ತೆ ಓಡಿಬಂದು, "ಅಯ್ಯೋ, ಈ ಕಂಬಕ್ಕೆ ನನ್ನ ಹಣೆ ಎಷ್ಟು ಸಲ ಮುತ್ತು ಕೊಟ್ಟಿದೆ ಗೊತ್ತಾ," ಎಂದು ತಣ್ಣೀರು ಬಟ್ಟೆ ಒತ್ತಿದ. ಆ ಬಟ್ಟೆಯಡಿ ಎಲ್ವಿಯೊನ ಹಣೆ ಉರಿಯುತ್ತಿತ್ತು. ನೋವಿನಿಂದಲ್ಲ. ಇಂದು ಹೇಳುತ್ತೇನೆ ಎಂದುಕೊಂಡು ಹೋಗುವುದು, ಮುದುಕ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಬಡಿಸುವುದು, ತುಂಬಿದ ಬಾಯಲ್ಲಿ ಮಾತಾಡುವುದು ಅಸಭ್ಯ ಎಂದು ಮರಳುವುದು. ನಾಯಿ ನೆಬಿಯಾ, ಮಂಜಿನ ಬಣ್ಣದ ಸೆಟ್ಟರ್ ತಳಿಯ ಹೆಣ್ಣು, ಅವನ ಪಾದದ ಮೇಲೆ ಗದ್ದವಿಟ್ಟು ಮಲಗುವಷ್ಟು ಒಗ್ಗಿಕೊಂಡಳು.

ಬೇಟೆಯ ಬೆಳಗು ಮೋಡ ಇಳಿದು ಬೀಚ್ ಮರಗಳ ತುದಿ ಕಾಣುತ್ತಿರಲಿಲ್ಲ. ನೆಬಿಯಾಳ ಕೊರಳ ಗಂಟೆ ಮುಂದೆಲ್ಲೋ ಠಿಣಿಠಿಣಿ ಎನ್ನುತ್ತಿತ್ತು. ಗಂಟೆ ನಿಂತರೆ ಹಕ್ಕಿ ಸಿಕ್ಕಿತೆಂದು ಅರ್ಥ.

"ನಾವಿಬ್ಬರೂ ಬಲಕ್ಕೆ ಕುರುಡರು," ಎಂದ ಓರೆಸ್ತೆ ಉತ್ಸಾಹದಿಂದ. "ಅದಕ್ಕೆ ಕಲ್ಲುಗೋಡೆನ ಬಲಕ್ಕಿಟ್ಕೊಂಡು ನಡೀಬೇಕು. ಗೋಡೆ ಕಡೆಯಿಂದ ಏನೂ ಬರಲ್ಲ, ಬಂದ್ರೂ ಅದು ನಮ್ಮ ಹಕ್ಕಿ ಅಲ್ಲ. ದೇವರು ಮುಚ್ಚಿದ ಕಿಟಕಿ ಕಡೆ ನೋಡ್ಬಾರ್ದು."

ಎಲ್ವಿಯೊ ಓರೆ ಕೋವಿ ಹಿಡಿದು ಅವನ ಹಿಂದೆ ನಡೆದ. ಇವತ್ತು ಇಳಿಯುವಾಗ ಹೇಳಿಬಿಡುತ್ತೇನೆ. ಈ ಕಾಡಿನಲ್ಲಿ ಒಮ್ಮೆ ನಡೆದು, ಆಮೇಲೆ.

ಗಂಟೆ ನಿಂತಿತು.

ಎಡಗಡೆಯ ಪೊದೆಯ ಮುಂದೆ ನೆಬಿಯಾ ಕಲ್ಲಾಗಿ ನಿಂತಿದ್ದಳು. ಒಂದು ಮುಂಗಾಲು ಮಡಚಿ, ಬಾಲ ನೆಟ್ಟಗೆ. ಓರೆಸ್ತೆ ಉಸಿರು ಹಿಡಿದು ಎಡಕ್ಕೆ ತಿರುಗಿದ. ಆದರೆ ಹಕ್ಕಿ ಆಗಲೇ ಪೊದೆಯಿಂದ ನಡೆದು ಹೊರಬಿದ್ದಿತ್ತು. ಅದು ಎದ್ದದ್ದು ಬಲಕ್ಕೆ, ಗೋಡೆಯ ಬುಡದಿಂದ, ಸದ್ದೇ ಇಲ್ಲದೆ. ಒಣಗಿದೆಲೆಯೊಂದು ನೆಲದಿಂದ ಮರಕ್ಕೆ ಹಿಂದಿರುಗಿದಂತೆ. ಉದ್ದನೆಯ ಕೊಕ್ಕು ಕೆಳಗೆ ಮಾಡಿ ಗೋಡೆ ದಾಟಿ ಬರ್ಚ್ ಮರಗಳ ನಡುವೆ ಓಲಾಡುತ್ತಾ ಹೋಯಿತು. ಜೀವಮಾನದಲ್ಲಿ ಮೊದಲ ಸಲ ಕಂಡದ್ದು. ಎಲ್ವಿಯೊನ ಎದೆ ಬಾಯಿಗೆ ಬಂತು, ಬಾಯಿಯಲ್ಲಿ ಇದ್ದ ಒಂದೇ ಕೂಗು ಹೊರಗೆ ಬಂತು.

"ಹೋದ್‌ಳ್ಸು! ರಾಣಿ ಹೋದ್‌ಳ್ಸು! ಬಲಕ್ಕೆ, ಬಲಕ್ಕೆ!"

ಶಿಳ್ಳೆ, ಕರ್ಕಶ, ಕೊನೆಯಲ್ಲಿ ಏರುವ ಆ ಎಳೆತ, ಯಾವುದೂ ತಪ್ಪಿರಲಿಲ್ಲ. ಬಾರಿನಲ್ಲಿಯೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ನೆಬಿಯಾ ಪೊದೆ ಬಿಟ್ಟು ತಿರುಗಿ, ಓರೆಸ್ತೆಯ ಕಾಲ ಪಕ್ಕದಿಂದಲೇ ಹಾದು ನೇರ ಎಲ್ವಿಯೊನ ಹತ್ತಿರ ಓಡಿಬಂದು, ಅವನ ಮುಂದೆ ಕೂತು, ಮುಂದೇನು ಯಜಮಾನ ಎಂಬಂತೆ ಮುಖ ನೋಡಿದಳು.

ಓರೆಸ್ತೆ ಕೋವಿ ಎತ್ತಿರಲಿಲ್ಲ. ಅವನು ಕೋಳಿಯ ಹಾಗೆ ಇಡೀ ತಲೆ ತಿರುಗಿಸಿ ಮೊದಲು ನಾಯಿಯನ್ನು ನೋಡಿದ, ಆಮೇಲೆ ಎಲ್ವಿಯೊನನ್ನು.

"ಬಲಕ್ಕೆ ಅಂದೆ."

"ಹೂಂ."

"ಎಲ್ಲಿ ಇಳೀತು?"

"ಗೋಡೆಯಾಚೆ. ಮುರಿದು ಬಿದ್ದಿರೋ ಬರ್ಚ್ ಇದೆಯಲ್ಲ, ಅಲ್ಲಿ."

"ಕೊಕ್ಕು ಹೇಗಿತ್ತು?"

"ಕೆಳಗೆ."

"ಅಷ್ಟೂ ಕಂಡ್ತು." ಓರೆಸ್ತೆಯ ದನಿ ತಗ್ಗಿತ್ತು. ಎಲ್ವಿಯೊ ಎಂದೂ ಅನುಕರಿಸದ ದನಿ ಅದು, ಮುದುಕನ ಹತ್ತಿರ ಇಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. "ಆ ಕೂಗು. ಎಲ್ಲಿ ಮಾಡ್ತೀಯ ಅದನ್ನ?"

"ಓರ್ನೆಲ್ಲಳ ಬಾರಲ್ಲಿ."

"ಕತ್ತೂ?"

"ಕತ್ತೂ."

"ನಗ್ತಾರಾ?"

ಎಲ್ವಿಯೊ ನೆಲ ನೋಡಿದ. "ನಗ್ತಾರೆ."

"ಫೌಸ್ತಿನೊ?"

"ಅವನು ಅಲ್ಲಿಗೆ ಬರಲ್ಲ ಮಾಮ."

"ಬರ್ತಾನೆ," ಎಂದ ಓರೆಸ್ತೆ. "ದಿನಾ ಬಾರಲ್ಲೇ ಬಿದ್ದಿರ್ತಾನೆ ಅಂತ ಅವನ ಹೆಂಡತಿ ನನ್ನ ಹತ್ರ ಗೋಳಾಡ್ತಾಳೆ." ಕೊನೆಗೂ ಎಲ್ವಿಯೊ ಇನ್ನೊಬ್ಬನ ಮಾನ ಉಳಿಸಲು ಹೇಳಿದ ಒಂದೇ ಒಂದು ಸುಳ್ಳು, ಅದೂ ನಿಲ್ಲಲಿಲ್ಲ. "ಅವನಪ್ಪ ನನ್ನ ಕಣ್ಣಿನ ವಿಷ್ಯ ಗೋರಿಗೆ ತಗೊಂಡು ಹೋದ. ಮಗ ನಗ್ತಾನೆ. ಸರಿ."

ಮಂಜು ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ಎಲ್ವಿಯೊ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಕ್ಷಮೆ ಕೇಳುವುದಕ್ಕೂ ಒಂದು ದನಿ ಬೇಕಲ್ಲ. ಪಾದ್ರಿಯದು ಬಂತು, ಜೆಲ್ಮಿನೊನದು ಬಂತು, ಸಾವಿನ ಮನೆಯಲ್ಲಿ ಇಲಾರಿಯಾ ತೆಗೆಯುವ ದನಿಯೂ ಬಂತು. ಎಲ್ಲವನ್ನೂ ನುಂಗಿಕೊಂಡ.

"ಕೋವಿ ಬಿಚ್ಚು," ಎಂದ ಓರೆಸ್ತೆ.

ಎಲ್ವಿಯೊ ಬಿಚ್ಚಿ ಎರಡೂ ತೋಟಾ ತೆಗೆದ. ಮುದುಕ ಕೋವಿಯನ್ನು ತೆಗೆದುಕೊಂಡು, ಹಿಡಿಯ ಕಪ್ಪು ಮಿರುಗಿನ ಮೇಲೊಮ್ಮೆ ಹೆಬ್ಬೆರಳು ಸವರಿ, ಬೆನ್ನಿಗೆ ಹಾಕಿಕೊಂಡ. "ಇದು ನಿನ್ನ ಅಳತೆ ಅಲ್ಲ." ಆಮೇಲೆ ನಾಯಿಯನ್ನು ಕರೆದ: "ನೆಬಿಯಾ."

ನಾಯಿ ಕದಲಲಿಲ್ಲ. ಎಲ್ವಿಯೊನ ಬಾಯಿಯನ್ನೇ ನೋಡುತ್ತಿತ್ತು. ಎಲ್ವಿಯೊ ತುಟಿ ಬಿಗಿಹಿಡಿದು ಮುಖ ತಿರುಗಿಸಿಕೊಂಡ. ಓರೆಸ್ತೆ ತನ್ನ ನಾಯಿಯನ್ನು ತಾನೇ ಎರಡನೆಯ ಸಲ ಕರೆಯಬೇಕಾಯಿತು.

ಗೋಡೆಯ ಒಡಕಿನಿಂದ ಮುದುಕ ಆಚೆಗೆ ದಾಟಿದ. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬೆನ್ನಿಗೆ ನಿಂತವನು ಹಂಗಾಮು ಮುಗಿಯುವವರೆಗೆ ಬಿಟ್ಟುಹೋಗುವಂತಿಲ್ಲ ಎಂಬುದು ಕಣಿವೆಯ ಕಟ್ಟಳೆ. ಶಿಷ್ಯ ಎಂಥವನಾದರೆ ಏನು ಎಂದು ಕಟ್ಟಳೆಯಲ್ಲಿ ಹೇಳಿಲ್ಲ. ಎಲ್ವಿಯೊ ಬರಿಗೈಯಲ್ಲಿ ಹಿಂಬಾಲಿಸಿದ. ಹೊತ್ತುಕೊಳ್ಳಲು ಏನೂ ಇಲ್ಲದ ಕೈಗಳು ಎಷ್ಟು ಭಾರ ಎಂದರೆ ಅವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಮುರಿದ ಬರ್ಚಿನ ಬಳಿ ಗಂಟೆ ಮತ್ತೆ ನಿಂತಿತು. ನೆಬಿಯಾ ಮರದ ಆಚೆ ಮಗ್ಗುಲಿನಲ್ಲಿ, ಮೂಗು ಇತ್ತ ಮಾಡಿ ನಿಂತಿದ್ದಳು. ಓರೆಸ್ತೆ ಅವಳನ್ನೇ ನೋಡುತ್ತಾ ಒಂದೊಂದೇ ಹೆಜ್ಜೆ ಇಟ್ಟ. ಎಲ್ವಿಯೊಗೆ ಹಕ್ಕಿ ಕಂಡಿತು. ಮುದುಕನ ಬಲಗಾಲಿನಿಂದ ಮಾರು ದೂರ, ಎಲೆಗಳ ಮೇಲೆ ಎಲೆಯಾಗಿ ಕೂತಿತ್ತು. ತಲೆಯ ಪಕ್ಕದಲ್ಲಿ ದೊಡ್ಡ ಕಪ್ಪು ಕಣ್ಣು, ಹಿಂದೆಯೂ ಮುಂದೆಯೂ ಒಟ್ಟಿಗೆ ನೋಡುವ ಕಣ್ಣು, ಅವನನ್ನೇ ನೋಡುತ್ತಿತ್ತು. ಇನ್ನೊಂದು ಹೆಜ್ಜೆಗೆ ಅದು ಏಳುತ್ತದೆ, ಓರೆಸ್ತೆಗೆ ಕಾಣುವುದಿಲ್ಲ.

ಹೇಳಬೇಕು. ಬಾಯಿ ತೆರೆದರೆ ಯಾರ ದನಿ ಬಂದೀತೋ. ಎಲ್ವಿಯೊ ಎರಡು ಹೆಜ್ಜೆ ಮುಂದೆ ಬಂದು ಮುದುಕನ ಬಲದೋಳನ್ನು ಮುಟ್ಟಿದ.

ಓರೆಸ್ತೆ ಬೆಚ್ಚಿಬಿದ್ದ. ಹಕ್ಕಿ ರೆಕ್ಕೆ ಬಡಿದು ಎದ್ದಿತು. ಮುದುಕ ಇಡೀ ಮೈ ತಿರುಗಿಸಿ ಕೋವಿ ಏರಿಸಿದ. ಆ ಕತ್ತನ್ನು ಎಲ್ವಿಯೊ ಮೊದಲ ಸಲ ಇಷ್ಟು ಹತ್ತಿರದಿಂದ, ಹಿಂದಿನಿಂದ, ಕನ್ನಡಿಯಿಲ್ಲದೆ ನೋಡಿದ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಒಬ್ಬ ಮನುಷ್ಯ ಉಳಿದಿದ್ದ ಒಂದು ಕಣ್ಣನ್ನು ಅದು ಬೇಕಾದ ಕಡೆಗೆ ಹೊತ್ತೊಯ್ಯುತ್ತಿದ್ದ, ಅಷ್ಟೇ. ಎರಡೂ ನಳಿಗೆ ಒಂದರ ಹಿಂದೊಂದು ಸಿಡಿದವು. ಬರ್ಚಿನ ಎಲೆಗಳು ಉದುರಿದವು. ಹಕ್ಕಿ ಮಂಜಿನೊಳಗೆ ಹೋಯಿತು.

ಕೋವಿ ಬಿಚ್ಚಿ ಹೊಗೆಯಾಡುವ ಖಾಲಿ ತೋಟಾಗಳನ್ನು ತೆಗೆಯುತ್ತಾ ಓರೆಸ್ತೆ ಅವನ ಕಡೆ ತಿರುಗದೆಯೇ ಹೇಳಿದ: "ತೋಟಾ ತುಂಬಿದ ಕೋವಿ ಹಿಡಿದೋನನ್ನ ಯಾರೂ ಮುಟ್ಟಬಾರ್ದು. ಯಾವತ್ತೂ. ಗುಂಡು ನಾಯಿಗೆ ತಗಲಿದ್ರೆ?"

"ತಪ್ಪಾಯ್ತು ಮಾಮ."

"ಕಂಡ್ರೆ ಹೇಳ್ಬೇಕು." ಮುದುಕ ಹೊಸ ತೋಟಾ ತುಂಬಿ ಕೋವಿ ಮುಚ್ಚಿದ. "ಬಾಯಿಲ್ವಾ ನಿನಗೆ?"

ಎಲ್ವಿಯೊ ಅವನ ಬಲಕ್ಕೆ ಬಂದು ನಿಂತ. ಮುಂದೆ ಗಂಟೆಯ ಸದ್ದು ಮತ್ತೆ ಶುರುವಾಗಿತ್ತು.